ಗೆರೆಯೆಂದರೆ ನಡೆ, ಚುಕ್ಕಿಯೆಂದರೆ ನಿಲ್ಲು

ನನ್ನ ಹೆಂಡತಿಯ ಮಂಡಿ ಸವೆದದ್ದು ನನ್ನ ಕಣ್ಣಿನಿಂದ. ಹೀಗೆ ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ, ಆದರೂ ನಿಜ ನಿಜವೇ. ಹನ್ನೊಂದು ವರ್ಷದ ಹಿಂದೆ ನನ್ನ ದೃಷ್ಟಿ ಪೂರ್ತಿ ಹೋಯಿತು. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ನನ್ನನ್ನು ಕಚೇರಿಯ ಕುರ್ಚಿಯವರೆಗೂ ಮುಟ್ಟಿಸುತ್ತಾಳೆ, ಇನ್ನೆರಡು ಬಸ್ಸು ಹತ್ತಿ ಮನೆಗೆ ಹೋಗುತ್ತಾಳೆ, ಸಂಜೆ ಮತ್ತೆ ಅದೇ ಮೆರವಣಿಗೆ. ನಾನು ದಿನಕ್ಕೆ ನಾಲ್ಕು ಬಸ್ಸು ಹತ್ತಿದರೆ ಅವಳು ಎಂಟು. ಸಂಬಳ ಮಾತ್ರ ನನಗೊಬ್ಬನಿಗೇ.

ನಮ್ಮದು ಅಂಗವಿಕಲರಿಗೆ ಗುರುತಿನ ಚೀಟಿ ಕೊಡುವ ಕಚೇರಿ. ನಾನು ವಿಚಾರಣೆಯ ಕೌಂಟರಿನಲ್ಲಿ ಕೂತು ಫೋನು ಎತ್ತುವವನು. ಇಂಥ ಕಚೇರಿಯನ್ನು ಎರಡನೇ ಮಹಡಿಯಲ್ಲಿ, ಲಿಫ್ಟಿಲ್ಲದ ಕಟ್ಟಡದಲ್ಲಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಕೊನೆಗೂ ಹೊಸ ಕಟ್ಟಡ ಎದ್ದಿತು, ಅದೂ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ, ಒಂದೇ ತಿರುವು. ಕೋಲು ಹಿಡಿದು ನಾನೊಬ್ಬನೇ ಹೋಗಬಹುದು. ಸುದ್ದಿ ಕೇಳಿದ ದಿನವೇ ಹೆಂಡತಿ ಮುಂದಿನ ತಿಂಗಳ ಬಸ್ ಪಾಸು ಮಾಡಿಸುವುದನ್ನು ಕೈಬಿಟ್ಟಳು.

ಬಾಕಿ ಉಳಿದಿದ್ದದ್ದು ಒಂದು ಕಾಗದ. ಕಣ್ಣು ಕಾಣದ ನೌಕರನೊಬ್ಬ ಕಟ್ಟಡದೊಳಗೆ ನಡೆದು ನೋಡಿ, ಅನುಕೂಲವಾಗಿದೆ ಎಂದು ರುಜು ಹಾಕಬೇಕು. ಅದಿಲ್ಲದೆ ಬಾಗಿಲು ತೆರೆಯುವಂತಿಲ್ಲ. ಆ ನೌಕರ ನಾನೇ, ಇನ್ಯಾರಿದ್ದಾರೆ?

ಶನಿವಾರ ಹೆಂಡತಿಯ ತೋಳು ಹಿಡಿದು ಹೋದೆ. ಎಂಜಿನಿಯರು ಬಾಗಿಲಲ್ಲೇ ಕಾದಿದ್ದರು, ಜೊತೆಗೆ ನೆಲ ಹಾಸಿದ ಮೇಸ್ತ್ರಿ. ಹೊಸ ಸುಣ್ಣಬಣ್ಣದ ವಾಸನೆ ಮೂಗಿಗೆ ಅಡರಿತು. ನಮ್ಮಂಥವರಿಗೆಂದೇ ನೆಲದಲ್ಲಿ ಹಾಕುವ ಟೈಲ್ಸ್ ಎರಡು ಬಗೆ. ಉಬ್ಬಿದ ಗೆರೆಯಿದ್ದರೆ ನಡೆ ಎಂದರ್ಥ. ಉಬ್ಬಿದ ಚುಕ್ಕಿಯಿದ್ದರೆ ನಿಲ್ಲು, ಮುಂದೆ ಕಂಬವೋ ಮೆಟ್ಟಿಲೋ ತಿರುವೋ ಇದೆ ಎಂದರ್ಥ. ಕೋಲಿನ ತುದಿಗೂ ಅಂಗಾಲಿಗೂ ತಿಳಿಯುವ ಭಾಷೆ ಅದು.

ಕೋಲಿಟ್ಟೆ. ಗೆರೆ. ಒಂದು ಹೆಜ್ಜೆ ಮುಂದಿಟ್ಟೆ. ಚುಕ್ಕಿ. ನಿಂತು ಸುತ್ತ ತಡವಿದರೆ ಏನೂ ಇಲ್ಲ. ಮತ್ತೆ ಗೆರೆ, ಮತ್ತೆ ಚುಕ್ಕಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದು ಟೈಲ್ಸು ಬಾ ಅನ್ನುತ್ತದೆ, ಪಕ್ಕದ್ದು ಬೇಡ ಅನ್ನುತ್ತದೆ.

"ಇದ್ಯಾಕೆ ಮೇಸ್ತ್ರಿ ಹೀಗೆ ಹಾಕಿದೀರಿ?"

"ಚೆನ್ನಾಗಿದೆಯಲ್ವಾ ಸಾರ್?" ಅವನ ದನಿಯಲ್ಲಿ ಹಿಗ್ಗು. "ಎರಡು ಗುಡ್ಡೆ ತಂದು ಸುರಿದಿದ್ರು. ಒಂದೇ ತರದ್ದು ಹಾಕ್ಕೊಂಡು ಹೋದ್ರೆ ನೋಡೋಕೆ ಬೇಜಾರು. ಅದಕ್ಕೇ ಒಂದು ಬಿಟ್ಟು ಒಂದು, ಚದುರಂಗದ ಮಣೆ ತರ. ನೋಡಿದೋರೆಲ್ಲ ಹೊಗಳಿದ್ರು."

"ನೋಡಿದೋರು ಹೊಗಳ್ತಾರೆ ಬಿಡಪ್ಪ."

ಅರ್ಥ ಬಿಡಿಸಿ ಹೇಳಿದೆ. ದಾರಿಯ ನಡುವೆ ಒಂದು ಕಂಬವಿತ್ತು. ಅದರ ಮುಂದೆಯೂ ಚುಕ್ಕಿಯೇ. ಆದರೆ ಹೆಜ್ಜೆಹೆಜ್ಜೆಗೂ ನಿಲ್ಲು ಅಂದವರ ಮಾತನ್ನು ಕಂಬದ ಹತ್ತಿರ ಯಾರು ನಂಬುತ್ತಾರೆ? ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಟೈಲ್ಸಿನ ಮೇಲೆ ಕೈಯಾಡಿಸಿದ ಸದ್ದು ಕೇಳಿಸಿತು. "ನನಗ್ಯಾರೂ ಇದನ್ನ ಹೇಳ್ಲೇ ಇಲ್ವಲ್ಲ ಸಾರ್. ಕಿತ್ತು ಹಾಕ್ಕೊಡ್ತೀನಿ, ಒಂದು ವಾರ ಸಾಕು."

"ಕಿತ್ತರೆ ಹೊಸ ಟೆಂಡರು," ಎಂಜಿನಿಯರು ನಡುವೆ ಬಾಯಿ ಹಾಕಿದರು. "ನಾಲ್ಕು ತಿಂಗಳು ಆಗುತ್ತೆ. ಅಲ್ಲೀತನಕ ಹಳೇ ಕಟ್ಟಡವೇ ಗತಿ. ಸಾರ್, ನಿಮಗೆ ಎರಡು ದಿನದಲ್ಲಿ ಅಭ್ಯಾಸ ಆಗೋಗುತ್ತೆ. ಸಣ್ಣ ವಿಷಯ."

ಅಭ್ಯಾಸವಾಗುತ್ತದೆ, ಸುಳ್ಳಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟೋ ಸಣ್ಣ ವಿಷಯಗಳು ಅಭ್ಯಾಸವಾಗಿವೆ. ಪ್ರತಿಯೊಂದಕ್ಕೂ ಜಗಳ ಕಾದು, ಅರ್ಜಿ ಬರೆದು ನನಗೆ ಸಾಕಾಗಿ ಹೋಗಿತ್ತು. ಹೆಂಡತಿಯನ್ನು ಕೇಳಿದೆ, "ಏನು ಮಾಡ್ಲೇ?"

"ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡ್ರೀ." ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು. ಆದರೆ ಕೂತಿದ್ದ ಮೆಟ್ಟಿಲಿಂದ ಅವಳು ಏಳುವಾಗ ಮಂಡಿ ಕಟ್ ಎಂದದ್ದು ಆ ಖಾಲಿ ಕಟ್ಟಡದಲ್ಲಿ ಸ್ಪಷ್ಟವಾಗಿ ಕೇಳಿಸಿತು.

ರುಜು ಹಾಕಿದೆ.

ಭಾನುವಾರ ಮೇಜು ಕುರ್ಚಿಗಳನ್ನೆಲ್ಲ ಸಾಗಿಸಿದರು. ಸೋಮವಾರ ಹೊಸ ಕಟ್ಟಡಕ್ಕೆ ಒಬ್ಬನೇ ಹೋದೆ. ಹೆಂಡತಿ ಬಾಗಿಲಲ್ಲಿ ನಿಂತು, "ಹುಷಾರು ಕಣ್ರೀ," ಅಂದಳು. ಅಷ್ಟು ಹಗುರವಾದ ದನಿ ಅವಳಿಂದ ಕೇಳಿ ಎಷ್ಟು ಕಾಲವಾಗಿತ್ತೋ! ಕಂಬವನ್ನು ಬಳಸಿ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಸುಖವಾಗಿತ್ತು, ಸುಳ್ಳೇಕೆ ಹೇಳಲಿ.

ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲ ಕಡೆಯಿಂದ ಕೋಲಿನ ಸದ್ದು ಬಂತು. ಟಕ್, ಮೌನ. ಟಕ್, ಮೌನ. ಯಾರೋ ಹೊಸಬರು, ಹೇಳಿಕೊಟ್ಟದ್ದನ್ನು ಅಕ್ಷರಶಃ ಪಾಲಿಸುತ್ತ ಪ್ರತಿ ಚುಕ್ಕಿಗೂ ನಿಲ್ಲುತ್ತಿದ್ದರು. ಹಿಂದಿನಿಂದ ಯಾರೋ, "ಬೇಗ ನಡೀರಮ್ಮ, ದಾರಿಗೆ ಅಡ್ಡ ನಿಲ್ಬೇಡಿ," ಎಂದರು. ಕೋಲು ಅವಸರ ಮಾಡಿತು. ಟಕ್ ಟಕ್ ಟಕ್. ನಾನು ಎದ್ದು, "ನಿಲ್ಲಿ, ಮುಂದೆ ಕಂಬ!" ಎಂದು ಕೂಗುವಷ್ಟರಲ್ಲಿ ಧಡ್ ಎಂದಿತು.

"ಅಯ್ಯೋ ಪಾಪ, ಕಣ್ಣು ಕಾಣಲ್ಲ ಅವರಿಗೆ," ಅಂದ ಕಾವಲುಗಾರ. ತಪ್ಪು ಅವರ ಕಣ್ಣಿನದಾಯಿತು, ಎಂದಿನಂತೆ.

ಹತ್ತಿರ ಹೋಗಿ ಕೈಕೊಟ್ಟೆ. ಅವರು ಶಾಲೆಯ ಮೇಡಮ್ಮು. ಕೋಲು ಹಿಡಿಯಲು ಕಲಿತು ಎರಡೇ ತಿಂಗಳು, ಮೊದಲ ಸಲ ಒಬ್ಬರೇ ಹೊರಗೆ ಬಂದದ್ದಂತೆ. ನನ್ನ ಬೆರಳಿಗೆ ಅವರ ಹಣೆಯ ರಕ್ತ ಅಂಟಿತು.

"ನಾನೇ ತಪ್ಪಾಗಿ ಕಲಿತಿದೀನಾ ಸಾರ್?" ಅವರು ಕೋಲಿನ ತುದಿಯಿಂದ ನೆಲವನ್ನು ಮತ್ತೆ ತಡವಿದರು. "ಚುಕ್ಕಿ ಅಂದ್ರೆ ನಿಲ್ಲು ಅಂತ ತಾನೇ ಹೇಳ್ಕೊಟ್ಟಿದ್ದು?"

"ನೀವು ಸರಿಯಾಗೇ ಕಲಿತಿದೀರಮ್ಮ. ನೆಲವೇ ತಪ್ಪು."

"ಹಾಗಾದ್ರೆ ಇದನ್ನ ಸರಿ ಇದೆ ಅಂದೋರು ಯಾರು?"

ಎಂಜಿನಿಯರ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ನಾನೇ ಅಮ್ಮ. ನನಗೂ ಕಣ್ಣಿಲ್ಲ. ಗೊತ್ತಿದ್ದೇ ರುಜು ಹಾಕ್ದೆ."

ಅವರು ಬೈಯಲಿಲ್ಲ. ನನ್ನ ಕೈಯಿಂದ ಮೆಲ್ಲಗೆ ತಮ್ಮ ಕೈ ಬಿಡಿಸಿಕೊಂಡರು. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನದೊಳಗೆ, ನನ್ನ ರುಜುವನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಟೈಪು ಮಾಡಿ ಕಳಿಸಿದೆ. ಎಂಜಿನಿಯರು ಫೋನಿನಲ್ಲೇ ಕೂಗಾಡಿ, ನಾಳೆಯಿಂದ ಎಲ್ಲರೂ ಹಳೇ ಕಟ್ಟಡಕ್ಕೇ ಹೋಗಬೇಕಾಗುತ್ತದೆ ಎಂದು ಹೇಳಿ ಇಟ್ಟರು. ಆಮೇಲೆ ಮನೆಗೆ ಫೋನು ಮಾಡಿದೆ. ಹೇಗೆ ಶುರು ಮಾಡಬೇಕೋ ತಿಳಿಯದೆ, "ಲೇ, ನಾಳೆಯಿಂದ ಮತ್ತೆ ಬಸ್ಸು ಕಣೇ," ಅಂದುಬಿಟ್ಟೆ.

"ಯಾರಿಗೆ ಪೆಟ್ಟಾಯ್ತು?" ಎಂದು ಕೇಳಿದಳು.

ಅಂದರೆ ಶನಿವಾರದಿಂದ ಅವಳೂ ಅದನ್ನೇ ಕಾಯುತ್ತಿದ್ದಳು. ಹೇಳಿದೆ. ಮೂಲೆಯ ಕಪಾಟಿನ ಬಾಗಿಲು ಕಿರ್ರೆಂದದ್ದು ಫೋನಿನಲ್ಲೇ ಕೇಳಿಸಿತು.

"ಅಲ್ಲೇ ಇರಿ, ಮಂಡಿಗೆ ಪಟ್ಟಿ ಕಟ್ಕೊಂಡು ಬರ್ತೀನಿ. ವಾಪಸ್ ಬರ್ತಾ ದಾರೀಲಿ ಬಸ್ ಪಾಸು ಮಾಡಿಸ್ಕೊಂಡು ಬಂದ್ಬಿಡೋಣ."