ಮೇಷ್ಟರ ಗುನುಗು

ರೇಡಿಯೋ ಕೇಂದ್ರದ ನೆಲಮಾಳಿಗೆಯಲ್ಲಿ ಹಳೆಯ ಟೇಪುಗಳನ್ನು ಶುಚಿ ಮಾಡುವವನನ್ನು ಎಲ್ಲರೂ ಜರಡಿ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ಮನುಷ್ಯ. ಕೆಮ್ಮು, ಕುರ್ಚಿಯ ಕಿರಕಿರ, ಟೇಪಿನ ಸರಸರ, ಏನಿದ್ದರೂ ಸೋಸಿ ಬಿಸಾಡದೆ ಅವನಿಗೆ ಅನ್ನ ಇಳಿಯದು. ಮನೆಯಲ್ಲಿ ಫ್ರಿಜ್ಜು ಗುಂಯ್‌ಗುಟ್ಟಿದರೂ ಹೆಂಡತಿಯ ಮೇಲೆ ರೇಗುತ್ತಿದ್ದ. ಪಾಪ, ಆಕೆಯೇ ಗುಂಯ್‌ಗುಟ್ಟಿದಂತೆ.

ಅವನ ಪಾಲಿನ ದೇವರು ಒಬ್ಬರೇ, ವಾದ್ಯವೃಂದದ ಕಂಡಕ್ಟರ್ ಆಗಿದ್ದ ಮೇಷ್ಟರು. ಟಿಕೆಟ್ ಹರಿಯುವ ಕಂಡಕ್ಟರ್ ಅಲ್ಲ, ಕೋಲು ಹಿಡಿದು ನೂರು ವಾದ್ಯಗಳನ್ನು ಒಂದೇ ಉಸಿರಿನಲ್ಲಿ ನಡೆಸುತ್ತಿದ್ದ ಕಂಡಕ್ಟರ್. ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರು ನಡೆಸಿದ ಸಿಂಫನಿಗಳು ಉಳಿದಿದ್ದದ್ದು ಈ ಕೇಂದ್ರದ ಟೇಪುಗಳಲ್ಲಿ ಮಾತ್ರ. ಬೇರೆಯವರು ಓಡಿಸುವ ಕಡೆ ಮೇಷ್ಟರು ಕಾಯುತ್ತಿದ್ದರು. ಪಿಟೀಲುಗಳನ್ನು ಇನ್ನೇನು ನಿಂತೇಹೋಯಿತು ಅನ್ನುವಷ್ಟು ತಗ್ಗಿಸಿ, ಆಮೇಲೆ ಕಹಳೆಗಳನ್ನು ಬಿಡುತ್ತಿದ್ದರು. ಜರಡಿಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು. ಆ ಟೇಪುಗಳೋ, ಒಮ್ಮೆ ಓಡಿಸಿದರೆ ಲೇಪವೆಲ್ಲ ಪುಡಿಪುಡಿಯಾಗಿ ಉದುರುತ್ತಿತ್ತು. ಶುಚಿ ಮಾಡಿದ ಪ್ರತಿಯನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡು, ಟೇಪನ್ನು ಕಸಕ್ಕೆ ಕಳಿಸುವುದು ಅಲ್ಲಿನ ಪದ್ಧತಿ.

ಕೆಲಸವೆಲ್ಲ ಮುಗಿದ ಮೇಲೆ ಮೇಷ್ಟರ ಮಗಳು ಬಂದರು. ವಯಸ್ಸು ಎಂಬತ್ತು ದಾಟಿತ್ತು. ಜರಡಿ ಕುರ್ಚಿಯನ್ನು ತನ್ನ ಕರವಸ್ತ್ರದಿಂದಲೇ ಒರೆಸಿ ಕೂರಿಸಿದ.

"ಅಪ್ಪ ಮನೇಲಿ ಇರ್ತಾನೇ ಇರಲಿಲ್ಲ," ಎಂದರು ಆಕೆ. "ಅವರ ದನಿ ಎಲ್ಲೂ ಉಳಿದಿಲ್ಲ ನೋಡಿ. ನಿಮ್ಮ ಈ ಟೇಪಲ್ಲೇ ಇರೋದು."

"ಇದರಲ್ಲಿ ಮಾತಾಡಿದ್ದಾರಾ, ಅಮ್ಮ?"

"ಮಾತಲ್ಲಪ್ಪಾ. ಕೋಲು ಆಡಿಸ್ತಾ ಗುನುಗ್ತಿದ್ರು. ನಿಧಾನದ ಭಾಗ ಬಂದ್ರೆ ಸಾಕು, ತಡ್ಕೊಳೋಕೇ ಆಗ್ತಿರಲಿಲ್ಲ ಅವರಿಗೆ. ಚಿಕ್ಕವಳಿದ್ದಾಗ ರೇಡಿಯೋಗೆ ಕಿವಿ ಹಚ್ಚಿ ಅದನ್ನೇ ಕಾಯ್ತಿದ್ದೆ. ಅಪ್ಪ ಮನೇಲೇ ಇದ್ದಾರೆ ಅನ್ಸೋದು."

ಶುಚಿ ಮಾಡುವಾಗ, ಸದ್ದನ್ನು ಚಿತ್ರವಾಗಿ ತೋರಿಸುವ ಕಂಪ್ಯೂಟರ್ ಪರದೆಯ ಮೇಲೆ, ಆ ಗುನುಗು ಪಿಟೀಲುಗಳ ಕೆಳಗೆ ಮಸಿಯ ಕಲೆಯಂತೆ ಕಾಣುತ್ತಿತ್ತು. ದೇವರ ಮುಖದ ಮೇಲೆ ನೊಣ ಕೂತಿದೆ ಎಂದುಕೊಂಡು ಜರಡಿ ಅದನ್ನು ತಿಂಗಳುಗಟ್ಟಲೆ ಒರೆಸಿ ತೆಗೆದಿದ್ದ. ಬೇರೆ ಯಾರಾದರೂ ಆಗಿದ್ದರೆ ಅರ್ಧಂಬರ್ಧ ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಇವನು ಭಕ್ತ, ಚೂರೂ ಉಳಿಸಿರಲಿಲ್ಲ. ಮೂಲ ಟೇಪೂ ಕಸಕ್ಕೆ ಹೋಗಿಯಾಗಿತ್ತು.

ಅಲ್ಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಆಕೆಯ ಕಿವಿಗೆ ಹೆಡ್‌ಫೋನು ಇಟ್ಟು, ತಾನೂ ಒಂದು ಹಾಕಿಕೊಂಡು, ನಿಧಾನದ ಭಾಗವನ್ನು ಹಾಕಿದ.

"ಇಗೋ, ಈಗ ಬರ್ತಾರೆ," ಎಂದು ಆಕೆ ಬೆರಳೆತ್ತಿ ಕಣ್ಣು ಮುಚ್ಚಿದರು. ಪಿಟೀಲುಗಳು ತಗ್ಗಿದವು, ಇನ್ನೂ ತಗ್ಗಿದವು. ಕಹಳೆ ಬಂತು. ಎತ್ತಿದ ಬೆರಳು ಮೆಲ್ಲಗೆ ಇಳಿಯಿತು.

"ಇನ್ನೊಂದ್ಸಲ ಹಾಕಿ. ಸ್ವಲ್ಪ ಜೋರಾಗಿ."

ಹಾಕಿದ. ಕೊನೆಗೆ ಆಕೆಯೇ ಹೆಡ್‌ಫೋನು ತೆಗೆದರು.

"ನನ್ನ ಕಿವಿ ಹೋಯ್ತು ಅಂತ ಕಾಣತ್ತೆ. ವಾದ್ಯ ಎಲ್ಲಾ ಕೇಳ್ಸತ್ತೆ, ಅಪ್ಪನೇ ಕೇಳ್ಸಲ್ಲ. ನಿಮಗೆ ಕೇಳ್ಸತ್ತಾ?"

"ಕೇಳ್ಸತ್ತಮ್ಮ," ಎಂದುಬಿಟ್ಟ, ಹೇಡಿ.

ಆಕೆಯ ಮುಖ ಅರಳಿತು. "ಸದ್ಯ, ಇದೆಯಲ್ಲ! ಹಾಗಾದ್ರೆ ನೀವೇ ಸ್ವಲ್ಪ ಗುನುಗಿ ತೋರಿಸಿ. ಹತ್ತಿರ ಬಂದು ಗುನುಗಿದ್ರೆ ನಂಗೂ ಕೇಳ್ಸತ್ತೆ."

ಅವನು ಬಾಯಿ ತೆರೆದ. ಆ ಗುನುಗನ್ನು ಅವನಷ್ಟು ಹತ್ತಿರ ಕೂತು ನೋಡಿದವರು ಲೋಕದಲ್ಲಿ ಇನ್ನೊಬ್ಬರಿಲ್ಲ. ನೋಡಿದ್ದೇ ಬಂತು, ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಗಂಟಲಿನಿಂದ ಒಂದು ಸ್ವರವೂ ಹೊರಡಲಿಲ್ಲ.

"ಹೋಗ್ಲಿ ಬಿಡಿ, ಪಾಪ, ಸಂಕೋಚ ನಿಮಗೆ," ಎಂದು ಆಕೆ ಅವನ ಬೆನ್ನು ತಟ್ಟಿ ಎದ್ದರು. "ಕಿವಿ ಡಾಕ್ಟರಿಗೆ ತೋರಿಸ್ಕೊಂಡು ಮತ್ತೆ ಬರ್ತೀನಿ. ಅಲ್ಲೀವರೆಗೂ ಅಪ್ಪನ್ನ ಜೋಪಾನವಾಗಿ ಇಟ್ಕೊಂಡಿರಿ, ಆಯ್ತಾ?"

"ಆಯ್ತಮ್ಮ," ಎಂದ ಜರಡಿ.