ನಾಲ್ಕು ದಿನದ ಸಿಂಗಾಪುರ

ಮಕ್ಕಳನ್ನು ಸಿಂಗಾಪುರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಬಸವಪ್ರಭು ಹೇಳಿದಾಗ ಶೈಲಾಗೆ ಮೊದಲು ನಗು ಬಂತು. ಸಂಸಾರ ಮಾಡಿಕೊಂಡಿದ್ದಷ್ಟು ವರ್ಷವೂ ಮಕ್ಕಳನ್ನು ಊರ ಪಕ್ಕದ ಸಿಂಹಗಡ ಕೋಟೆಯವರೆಗೂ ಕರೆದೊಯ್ಯದ ಮನುಷ್ಯ ಅವನು.

“ದೀಪಾವಳಿ ಸೂಟಿಯೊಳಗ, ಬರೇ ನಾಕ ದಿನ,” ಎಂದ. ಭಾನುವಾರ ಸಂಜೆ ಮಕ್ಕಳನ್ನು ವಾಪಸು ಬಿಡಲು ನಿಗಡಿಯ ಅವಳ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಬಳಿ ಕಾರು ನಿಲ್ಲಿಸಿಕೊಂಡಿದ್ದ. “ಹುಡುಗರು ಹೊರಗಿನ ಒಂದು ಊರು ನೋಡ್ತಾವ. ನೀ ಒಂದು ಸಹಿ ಮಾಡಿಕೊಡಬೇಕಷ್ಟ.”

“ವಿಚಾರ ಮಾಡಿ ಹೇಳ್ತೀನ್ರಿ,” ಎಂದು ಶೈಲಾ ಮಕ್ಕಳನ್ನು ಒಳಗೆ ಕರೆದುಕೊಂಡು ಹೋದಳು.

ಅವರಿಬ್ಬರ ವಿಚ್ಛೇದನವಾಗಿ ಎರಡು ವರ್ಷವಾಗಿತ್ತು. ಎಂಟು ವರ್ಷದ ಪೂರ್ವಾ, ಇನ್ನೂ ಐದು ತುಂಬದ ಓಂಕಾರ ತಾಯಿಯ ಹತ್ತಿರ ಇರಬೇಕು, ಭಾನುವಾರ ತಂದೆಯ ಜೊತೆ ಕಳೆಯಬೇಕು, ದೇಶದ ಹೊರಗೆ ಕರೆದೊಯ್ಯಬೇಕಾದರೆ ಇನ್ನೊಬ್ಬರ ಒಪ್ಪಿಗೆ ಬೇಕು ಎಂದು ಕೋರ್ಟಿನಲ್ಲಿ ತೀರ್ಮಾನವಾಗಿತ್ತು. ಶೈಲಾ ಆಕುರ್ಡಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣು ತಪಾಸಣೆ ಮಾಡುತ್ತಿದ್ದಳು. ಮನೆಯಲ್ಲಿ ಜೊತೆಗಿದ್ದವಳು ಬೈಲಹೊಂಗಲದಿಂದ ಬಂದ ತಾಯಿ ಶಿವಗಂಗವ್ವ.

ಆ ರಾತ್ರಿ ಊಟಕ್ಕೆ ಕೂತಾಗ ಶಿವಗಂಗವ್ವ ರೊಟ್ಟಿ ಮುರಿಯುತ್ತ ಹೇಳಿದಳು: “ಅಂವಾ ಹುಡುಗರನ್ನ ತಿರುಗಿ ಕರಕೊಂಡು ಬರಂಗಿಲ್ಲ, ನೋಡಕೋತ ಇರು.”

“ಏನರೇ ಮಾತಾಡಬ್ಯಾಡವ್ವ.”

“ಮತ್ತ ಅವನ ಕಂಪನಿದು ಅಲ್ಲೂ ಆಫೀಸ್ ಅದ ಅಂತ ನೀನ ಹೇಳಿದ್ದೆಲ್ಲ?”

ಇತ್ತು. ಹಿಂಜವಾಡಿಯ ಅವನ ಕಂಪನಿಗೆ ಸಿಂಗಾಪುರದಲ್ಲೂ ಒಂದು ಕಚೇರಿ ಇತ್ತು. ಶೈಲಾ ತಾಯಿಯ ಬಾಯಿ ಮುಚ್ಚಿಸಿದಳು. ಆದರೆ ಆ ಮಾತು ತಲೆಯೊಳಗೆ ಹೊಕ್ಕು ಕೂತಿತು.

ಮುಂದಿನ ಭಾನುವಾರ ಮಕ್ಕಳು ದಣಿದು ಬಂದರು. ಬೂಟು ಧೂಳಾಗಿತ್ತು.

“ಎಲ್ಲಿ ಹೋಗಿದ್ರಿ?”

“ಎಲ್ಲೂ ಇಲ್ಲ,” ಎಂದಳು ಪೂರ್ವಾ.

ಓಂಕಾರ ಅಕ್ಕನ ಮುಖ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. “ಅಮ್ಮಗ ಹೇಳಬ್ಯಾಡ ಅಂತ ಪಪ್ಪಾ ಹೇಳ್ಯಾನ.”

ಶೈಲಾ ಅವತ್ತಿನಿಂದ ಮಗಳನ್ನು ಸುಮ್ಮನೆ ಬಿಡಲಿಲ್ಲ. ಹಾಲು ಕೊಡುವಾಗ, ಶಾಲೆಯ ಬಸ್ಸಿಗೆ ನಿಂತಾಗ, ಮಲಗುವಾಗ ಒಂದೊಂದು ಪ್ರಶ್ನೆ ಕೇಳುತ್ತಿದ್ದಳು. ಪಪ್ಪಾನ ಮನೆಗೆ ಯಾರಾದರೂ ಬರುತ್ತಾರೆಯೇ? ಹೊಸ ಶಾಲೆಯ ಸುದ್ದಿ ಏನಾದರೂ ಎತ್ತಿದ್ದನೇ? ಪೂರ್ವಾ “ಇಲ್ಲ” ಎನ್ನುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟು ಸುಮ್ಮನೆ ತಲೆ ಆಡಿಸತೊಡಗಿದಳು.

ಒಂದು ಬೆಳಿಗ್ಗೆ ಸ್ನಾನ ಮಾಡಿಸುವಾಗ ಓಂಕಾರ ಹಾಡಿನಂತೆ ಏನೋ ಹೇಳಿಕೊಳ್ಳುತ್ತಿದ್ದ. ಕಿವಿಗೊಟ್ಟು ಕೇಳಿದರೆ ಬಸವಪ್ರಭುವಿನ ಫೋನ್ ನಂಬರು. ಒಂದೂ ಅಂಕಿ ತಪ್ಪಿಲ್ಲದೆ ಬಾಯಿಪಾಠವಾಗಿತ್ತು.

“ನಂದು ನಂಬರ್ ಹೇಳು ನೋಡೋಣ?”

“ಗೊತ್ತಿಲ್ಲ.”

“ನಿನ್ನ ಮನಿ ಎಲ್ಲದ?”

“ವಾಕಡ್,” ಎಂದ ಓಂಕಾರ ಥಟ್ಟನೆ.

ವಾಕಡ್‌ನಲ್ಲಿದ್ದದ್ದು ಬಸವಪ್ರಭುವಿನ ಫ್ಲ್ಯಾಟು. ಶೈಲಾಳ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. ವಾರದ ಆರು ದಿನ ನಿಗಡಿಯಲ್ಲಿ ಉಂಡು ಮಲಗುವ ಹುಡುಗನಿಗೆ ಮನೆ ವಾಕಡ್ ಎಂದು ಯಾರೋ ಕೂರಿಸಿಕೊಂಡು ಕಲಿಸಿದ್ದರು.

ಆ ಭಾನುವಾರ ಬಸವಪ್ರಭುವಿನ ಕಾರು ಮಕ್ಕಳನ್ನು ಹತ್ತಿಸಿಕೊಂಡು ಹೊರಟ ಮೇಲೆ ಅವಳು ಸ್ಕೂಟಿ ತೆಗೆದಳು. ಸ್ಕೂಟಿ ಓಡಿಸುವ ಊರಿನ ಇತರ ಹೆಂಗಸರ ಹಾಗೆ ಕಣ್ಣಷ್ಟೇ ಕಾಣುವಂತೆ ಸ್ಕಾರ್ಫ್ ಸುತ್ತಿಕೊಂಡಿದ್ದಳು. ಯಾರಿಗೂ ಗುರುತು ಸಿಗುವಂತಿರಲಿಲ್ಲ. ಕಾರು ವಾಕಡ್ ಕಡೆ ತಿರುಗಲಿಲ್ಲ. ಚಿಂಚವಾಡ ದಾಟಿ ನೇರ ಪಿಂಪ್ರಿಗೆ ಹೋಗಿ ಮೆಟ್ರೋ ನಿಲ್ದಾಣದ ಹತ್ತಿರ ನಿಂತಿತು. ಬಸವಪ್ರಭು ಡಿಕ್ಕಿಯಿಂದ ಒಂದು ದೊಡ್ಡ ಬ್ಯಾಗು ತೆಗೆದು ಬೆನ್ನಿಗೆ ಹಾಕಿಕೊಂಡ, ಗಾಲಿಯ ಸೂಟ್‌ಕೇಸು ಇಳಿಸಿದ. ಪೂರ್ವಾಳ ಬೆನ್ನಿಗೂ ಒಂದು ಬ್ಯಾಗು.

ಬ್ಯಾಗುಗಳನ್ನು ನೋಡಿ ಶೈಲಾ ಸ್ಕೂಟಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದಳು. ಮಕ್ಕಳ ಪಾಸ್‌ಪೋರ್ಟುಗಳು ತನ್ನ ಕಪಾಟಿನಲ್ಲೇ ಇವೆ ಎಂದು ಗೊತ್ತಿದ್ದರೂ ಅವಸರದಿಂದ ಮೆಟ್ಟಿಲು ಹತ್ತಿದಳು. ಟಿಕೆಟ್ ತೆಗೆದುಕೊಂಡು ಅವರ ಹಿಂದೆಯೇ ಗಾಡಿ ಹತ್ತಿ, ಜನರ ಮರೆಯಲ್ಲಿ ನಿಂತಳು.

ಬಸವಪ್ರಭು ಬಾಗಿ ಮಕ್ಕಳ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಪೂರ್ವಾ ನಿಲ್ದಾಣಗಳನ್ನು ಬೆರಳಿನ ಮೇಲೆ ಎಣಿಸುತ್ತಿದ್ದಳು. ಶಿವಾಜಿನಗರದಲ್ಲಿ ಬಾಗಿಲು ತೆರೆದಾಗ ಹೊರಗಿನ ಗುಂಪು ಒಳನುಗ್ಗಿತು. ಬಸವಪ್ರಭು ಸೂಟ್‌ಕೇಸು ಎಳೆದುಕೊಂಡು ಇಳಿದ, ಪೂರ್ವಾ ಇಳಿದಳು. ಓಂಕಾರನ ಕೈ ಎಲ್ಲಿ ಜಾರಿತೋ, ಬಾಗಿಲು ಮುಚ್ಚಿದಾಗ ಅವನು ಒಳಗೇ ಇದ್ದ. ಗಾಜಿನ ಆಚೆ ಬಸವಪ್ರಭು ಬಾಗಿಲನ್ನು ಅಂಗೈಯಿಂದ ಬಡಿಯುತ್ತಿದ್ದದ್ದು ಒಂದು ಕ್ಷಣ ಕಂಡಿತು. ಆಮೇಲೆ ಸುರಂಗದ ಕತ್ತಲು.

“ಸರೀರಿ, ದಾರಿ ಬಿಡ್ರಿ,” ಎಂದು ಶೈಲಾ ಕನ್ನಡದಲ್ಲೇ ಕೂಗುತ್ತ ಜನರನ್ನು ತಳ್ಳಿದಳು. ಅವಳು ಮುಟ್ಟುವಷ್ಟರಲ್ಲಿ ಮುಂದಿನ ನಿಲ್ದಾಣ ಬಂದಿತ್ತು, ಓಂಕಾರ ತಾನೇ ಇಳಿದುಬಿಟ್ಟಿದ್ದ. ಹಿಂದೆಯೇ ಜಿಗಿದು ನೋಡಿದರೆ, ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಾನೆ. ತುಟಿ ಅದುರುತ್ತಿತ್ತು, ಅಳುತ್ತಿರಲಿಲ್ಲ.

“ಬಾರೋ ಓಂಕಾರ!”

ಅವನು ಗೋಡೆಗೆ ಇನ್ನಷ್ಟು ಒತ್ತಿಕೊಂಡ. ಅವಳು ಸ್ಕಾರ್ಫ್ ಕಿತ್ತು ತೆಗೆದಳು. “ನಾನೋ, ಅಮ್ಮ. ಬಾ.”

ಅಮ್ಮನ ಮುಖ ನೋಡಿ ಅವನ ಕಣ್ಣು ತುಂಬಿತು. ಆದರೂ ಕದಲಲಿಲ್ಲ. “ಪಪ್ಪಾ ಬರೂತನಕ ಇಲ್ಲೇ ನಿಂದರಬೇಕು. ಯಾರು ಕರದರೂ ಹೋಗಬಾರದು.”

“ನಾ ಕರದರೂ?”

ಅವನು ಯೋಚಿಸಿದ. “ಅದು ಪಪ್ಪಾ ಹೇಳಿಲ್ಲ,” ಎಂದ.

ಶೈಲಾ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು ಅವನ ಸೊಂಟ ಬಳಸಿ ಹಿಡಿದಳು. ಮುಂದಿನ ಗಾಡಿ ಬಂತು. ಬಸವಪ್ರಭು ಮುಖದಲ್ಲಿ ರಕ್ತವಿಲ್ಲದೆ ಇಳಿದು ಓಡಿ ಬಂದ, ಹಿಂದೆ ಸೂಟ್‌ಕೇಸು ಎಳೆಯುತ್ತ ಪೂರ್ವಾ. ಮಗನನ್ನು ಎತ್ತಿ ಎದೆಗೆ ಒತ್ತಿಕೊಂಡ ಮೇಲಷ್ಟೇ ಪಕ್ಕದಲ್ಲಿದ್ದವಳನ್ನು ನೋಡಿದ. ಅವಳ ಮಡಿಲಲ್ಲಿದ್ದ ಸ್ಕಾರ್ಫ್ ಕಂಡು ಅವನ ಮುಖ ಬದಲಾಯಿತು.

“ನೀ ಹೆಂಗ ಇಲ್ಲಿ? ನೀನ ಅವನ ಕೈ ಹಿಡದು ಜಗ್ಗಿದ್ದೇನು?”

“ಏನ ಮಾತಾಡ್ತೀರಿ!”

“ಮತ್ತ ಮುಖಾ ಮುಚಗೊಂಡು ಯಾಕ ಬಂದಿ? ನನ್ನ ಕೈಯಾಗಿಂದ ಹುಡುಗ ಕಳದ ಅಂತ ಕೋರ್ಟಿನಾಗ ತೋರಸಬೇಕಾಗಿತ್ತು, ಹೌದಲ್ಲೋ?”

ಶೈಲಾಗೆ ಆಗ ಹೊಳೆಯಿತು: ತಾನು ಇಷ್ಟು ದಿನ ಅವನ ಬಗ್ಗೆ ಹೊತ್ತು ತಿರುಗಿದ ಸಂಶಯ ಎಷ್ಟೋ, ಅವನೂ ತನ್ನ ಬಗ್ಗೆ ಅಷ್ಟೇ ಹೊತ್ತು ತಿರುಗಿದ್ದ.

ನಿಲ್ದಾಣದ ಕಾವಲಿನ ಹೆಂಗಸು ಹತ್ತಿರ ಬಂದು, ಏನಾಯಿತೆಂದು ಮರಾಠಿಯಲ್ಲಿ ಕೇಳಿದಳು: “ಕಾಯ್ ಝಾಲಂ ಮ್ಯಾಡಮ್?”

“ಕಾಹೀ ನಾಹೀ,” ಎಂದಳು ಶೈಲಾ. “ಆಮಚಾಚ್ ಮುಲಗಾ ಆಹೇ.” ಏನಿಲ್ಲ, ನಮ್ಮ ಹುಡುಗನೇ.

ಪೂರ್ವಾ ಇಬ್ಬರನ್ನೂ ನೋಡುತ್ತ ನಿಂತಿದ್ದಳು. “ನೀ ನಮ್ಮ ಹಿಂದ ಹಿಂದ ಬಂದೇನಮ್ಮ?”

“ಹೌದು.”

ಪೂರ್ವಾ ತಮ್ಮನನ್ನು ಅಪ್ಪನ ತೋಳಿನಿಂದ ಇಳಿಸಿಕೊಂಡು, ಕೈ ಹಿಡಿದು, ಸ್ವಲ್ಪ ದೂರದ ಬೆಂಚಿನಲ್ಲಿ ಹೋಗಿ ಕೂತಳು. ಅದನ್ನು ನೋಡಿ ಇಬ್ಬರ ದನಿಯೂ ತಾನಾಗಿ ಇಳಿಯಿತು.

ಬಸವಪ್ರಭು ಸೂಟ್‌ಕೇಸಿನ ಮೇಲೆ ಕೂತ. ಮಳೆಗಾಲದಲ್ಲಿ ಒಂದು ಸಲ ಮಾಲ್‌ನಲ್ಲಿ ಓಂಕಾರ ಕಾಣದೆ ಹೋಗಿದ್ದನಂತೆ. ಕೊನೆಗೆ ಆಟದ ಸಾಮಾನಿನ ಅಂಗಡಿಯಲ್ಲಿ ಸಿಕ್ಕನಂತೆ. “ಕೈಕಾಲು ಆಡಲಿಲ್ಲ ನನಗ. ಗುರ್ತಿಲ್ಲದ ಊರಾಗ ಹಿಂಗಾದ್ರ ಹೆಂಗಂತ ಹೆದರಿಕಿ ಹತ್ತಿತು. ಅದಕ್ಕ ಪ್ರತಿ ಭಾನುವಾರ ರೂಢಿ ಮಾಡಸಾಕತ್ತಿದ್ದೆ. ಗಾಡಿ ಹತ್ತೂದು, ಇಳಿಯೂದು, ಕಳಕೊಂಡ್ರ ಮುಂದಿನ ಸ್ಟೇಶನ್ನಿನಾಗ ಇಳದು ಎಲ್ಲಿ ನಿಂದರಬೇಕು, ಸಾಮಾನು ಹೊತ್ಕೊಂಡು ಎಷ್ಟು ನಡೀತಾವ, ಎಲ್ಲಾ. ನಿನಗ ಹೇಳಿದ್ರ ಭಾನುವಾರಾನೂ ಬಂದ್ ಮಾಡ್ತಿದ್ದಿ.”

“ಹೌದು, ಮಾಡ್ತಿದ್ದೆ,” ಎಂದಳು ಶೈಲಾ. ಆಮೇಲೆ ಕೇಳಿದಳು: “ಸಿಂಗಾಪುರದಾಗ ನಿಮಗ ಕೆಲಸ ಕೊಡ್ತೀವಿ ಅಂದಾರೇನು?”

“ಹೋದ ವರ್ಷ ಕೇಳಿದ್ರು. ಒಲ್ಲೆ ಅಂದೆ.”

“ಯಾಕ?”

“ಅಲ್ಲಿಂದ ಭಾನುವಾರಕ್ಕ ಹೆಂಗ ಬರ್ಲಿ?”

ನಿಜವಿರಬಹುದು, ಚೆನ್ನಾಗಿ ಜೋಡಿಸಿದ ಸುಳ್ಳೂ ಇರಬಹುದು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವನು ಸುಳ್ಳು ಹೇಳುವಾಗ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಮನಿ ವಾಕಡ್ ಅಂತ ಯಾಕ ಕಲಿಸೀರಿ ಅವಂಗ?”

ಅದಕ್ಕೆ ಅವನು ತಲೆ ತಗ್ಗಿಸಿದ. “ಅದು ತಪ್ಪಾತು. ಅವನ ಬಾಯಿಂದ ಒಮ್ಮೆ ಕೇಳಬೇಕು ಅನಿಸಿತ್ತು.”

ಎಲ್ಲ ಉತ್ತರಗಳಲ್ಲಿ ಅದೊಂದನ್ನು ಮಾತ್ರ ಅವಳು ಸಂಶಯವಿಲ್ಲದೆ ನಂಬಿದಳು.

ಅವಳು ಅಂದೇ ಹೂಂ ಅನ್ನಲಿಲ್ಲ. ಒಂದು ವಾರ ಕಳೆದ ಮೇಲೆ ಫೋನ್ ಮಾಡಿ, ಧಾರವಾಡದಲ್ಲಿದ್ದ ಅವನ ಅಕ್ಕ ತ್ರಿವೇಣಿ ಜೊತೆಗೆ ಬರುವುದಾದರೆ ಸಹಿ ಮಾಡುತ್ತೇನೆ ಎಂದಳು. ಗಂಡನ ಮನೆಯವರಲ್ಲಿ ವಿಚ್ಛೇದನದ ನಂತರವೂ ಅವಳೊಡನೆ ಮಾತು ಬಿಡದಿದ್ದವಳು ತ್ರಿವೇಣಿ ಒಬ್ಬಳೇ. ಮಕ್ಕಳಿಗೆ ತನ್ನ ನಂಬರನ್ನೂ ಬಾಯಿಪಾಠ ಮಾಡಿಸಬೇಕು ಎಂದಳು. ಬಸವಪ್ರಭು ಎರಡಕ್ಕೂ ಒಪ್ಪಿದ.

“ಅಕಿನೂ ಅವರ ಮನಿಯಾಕಿನ,” ಎಂದಳು ಶಿವಗಂಗವ್ವ. ತಾಯಿ ಹೇಳುವುದರಲ್ಲಿ ಸುಳ್ಳಿರಲಿಲ್ಲ. ಆದರೂ ಶೈಲಾ ಸಹಿ ಮಾಡಿಕೊಟ್ಟಳು.

ಆ ನಾಲ್ಕು ದಿನ ಅವಳು ರಜೆ ಹಾಕದೆ ಆಸ್ಪತ್ರೆಗೆ ಹೋದಳು. ಫೋಟೋಗಳು ಬಂದರೆ ದೊಡ್ಡದು ಮಾಡಿ ಹಿಂದಿನ ಬೋರ್ಡುಗಳನ್ನು ಓದುತ್ತಿದ್ದಳು. ವಾಪಸಿನ ವಿಮಾನ ಹೊರಟಿತೆಂದು ತ್ರಿವೇಣಿ ಮೆಸೇಜು ಕಳಿಸಿದ ಮೇಲೂ ನಂಬಿಕೆ ಬರಲಿಲ್ಲ. ಮುಂಬೈ ವಿಮಾನ ನಿಲ್ದಾಣದಿಂದ ಕಾರು ಬಂದು ಗೇಟಿನ ಮುಂದೆ ನಿಂತು, ಇಬ್ಬರೂ ಮಕ್ಕಳು ಇಳಿದಾಗಲೇ ಅವಳು ನಂಬಿದ್ದು.

ಬಾಗಿಲಲ್ಲೇ ಶಿವಗಂಗವ್ವ ಶುರು ಮಾಡಿದಳು. “ಅಲ್ಲೆ ಯಾರ ಮನಿಗೆ ಹೋಗಿದ್ರಿ? ಪಪ್ಪಾನ ಕೂಡ ಯಾರರೇ ಬಂದಿದ್ರೇನು?”

ಪೂರ್ವಾ ಅಮ್ಮನ ಮುಖ ನೋಡಿದಳು. ಯಾವ ಉತ್ತರ ಬೇಕಾಗಿದೆ ಎಂದು ತಿಳಿದುಕೊಳ್ಳುವವಳ ಹಾಗಿತ್ತು ಆ ನೋಟ.

“ಅವ್ವಾ, ಸಾಕು. ಮೊದಲು ಉಣ್ಲಿ,” ಎಂದಳು ಶೈಲಾ.

ಅವಳೂ ಏನೂ ಕೇಳಲಿಲ್ಲ. ಕೇಳಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ಎರಡು ದಿನ ನುಂಗಿಕೊಂಡಳು. ಮೂರನೆಯ ದಿನ ಬಟ್ಟೆ ಮಡಚುತ್ತಿದ್ದಾಗ ಪೂರ್ವಾ ಬಂದು ಪಕ್ಕದಲ್ಲಿ ಕೂತಳು. ಒಂದು ಟವೆಲ್ಲು ತೆಗೆದುಕೊಂಡು ತಾನೂ ಮಡಚಿದಳು.

“ಅಲ್ಲೆ ಪಪ್ಪಾಗ ದಾರಿ ತಪ್ಪಿತ್ತು,” ಎಂದಳು. “ಅತ್ತಿ ರಸ್ತಾದಾಗ ನಿಂತು ಬೈದ್ಲು. ಪಪ್ಪಾ ಸುಮ್ಮನ ನಿಂತಿದ್ದ.”

ಶೈಲಾಗೆ ನಗು ಬಂತು. ಅದನ್ನು ನೋಡಿ ಪೂರ್ವಾ ಹತ್ತಿರ ಸರಿದಳು.

“ಆಮ್ಯಾಲೆ ಏನಾತು ಗೊತ್ತೇನು?” ಎಂದು ತಾನೇ ಮುಂದುವರಿಸಿದಳು.