ಮಂಜುಗಡ್ಡೆಯಡಿಯ ಮೊದಲ ಚಿಪ್ಪು

ತಣ್ಣಗೆ ಒಂದು ಹನಿ ಕತ್ತಿನೊಳಗೆ ಇಳಿಯಿತು, ಉಪ್ಪೋ ಸಪ್ಪೆಯೋ, ನೆತ್ತಿಯ ಮೇಲೆ ಎರಡು ಮೊಳ ದಪ್ಪದ ಮಂಜುಗಡ್ಡೆ, ಅದರಡಿಯಿಂದ ಸಮುದ್ರ ಇಳಿತಕ್ಕೆ ಹಿಂದೆ ಸರಿದು ಬಿಟ್ಟುಹೋದ ಗುಹೆ, ದೀಪ ತಾಗಿದಲ್ಲೆಲ್ಲ ಹಸಿರು — ಇನ್ನು ಅರ್ಧ ಗಂಟೆ, ಉಲಾಯು ತೆವಳುತ್ತಾಳೆ, ಅರ್ಧ ಗಂಟೆಗೆ ನೀರು ಮರಳುತ್ತದೆ, ಅಷ್ಟರೊಳಗೆ ಒಂದು, ಒಂದೇ ಒಂದು ಕಪ್ಪೆಚಿಪ್ಪು, ಮೂವತ್ತೆಂಟು ವರ್ಷದವಳ ಮೊದಲ ಬೇಟೆ, ನಗು ಬರುತ್ತದೆ, ಊರಿನ ಐದು ವರ್ಷದ ಮಕ್ಕಳೂ ಮೊದಲ ಮೀನನ್ನೋ ಹಕ್ಕಿಯನ್ನೋ ತಮ್ಮ ಸನಾಜಿಗೆ, ಹೊಕ್ಕುಳಬಳ್ಳಿ ಕೊಯ್ದು ತಮ್ಮನ್ನು ‘ಮಾಡಿದವಳಿಗೆ’, ಒಪ್ಪಿಸಿ ಮುಗಿಸಿರುತ್ತಾರೆ, ತಾನೋ ಅದಕ್ಕೂ ಚಿಕ್ಕವಳಿದ್ದಾಗಲೇ ಕೆಮ್ಮುತ್ತ ದಕ್ಷಿಣದ ಆಸ್ಪತ್ರೆ, ಅಲ್ಲೇ ಶಾಲೆ, ಕಾಲೇಜು, ಸಮುದ್ರಪ್ರವಾಹಗಳ ನಕ್ಷೆ ಬರೆಯುವ ಕೆಲಸ — ತನ್ನ ಬಳ್ಳಿ ಕೊಯ್ದ ಅಲಾಸಿ ಮೇಲೆ, ಮಂಜುಗಡ್ಡೆಗೆ ಕೊರೆದ ತೂತಿನ ಅಂಚಿನಲ್ಲಿ, ಎಂಬತ್ತರ ಮೊಣಕಾಲು ಮಡಿಸಿ ಕಾಯುತ್ತಿದ್ದಾಳೆ, ನಾನು ಮಾಡಿದ ಹೆಣ್ಣೇ, ನಾನು ಸಾಯೋದ್ರೊಳಗೆ ಏನಾದ್ರೂ ತಂದ್ಕೊಡ್ತೀಯೋ ಇಲ್ಲ ನಕ್ಷೆನೇ ತಿನ್ನಿಸ್ತೀಯೋ, ಎಂದಿದ್ದಳು ಬೆಳಿಗ್ಗೆ. ಎಡಕ್ಕೆ, ಎರಡು ಬಂಡೆಗಳ ಇಕ್ಕಟ್ಟಿಗೆ, ಅಲಾಸಿಯ ಮಗ ಲುಕಾಸಿ ನಕ್ಕಿದ್ದ, ಎಲ್ರೂ ಬಲಕ್ಕೆ ಹೋಗ್ತಾರೆ ಕಣೇ, ಹೋಗಲಿ, ಇಕ್ಕಟ್ಟಿನಲ್ಲೇ ನೀರು ಓಡುವುದು, ಓಡುವ ನೀರು ಹಡ್ಸನ್ ಜಲಸಂಧಿಯ ತಳ ಕಡೆದು ಮೇಲೆತ್ತಿದ್ದನ್ನೆಲ್ಲ, ಕಣ್ಣಿಗೆ ಕಾಣದ ಪಾಚಿಯನ್ನೆಲ್ಲ, ನಿಮಿಷ ನಿಮಿಷಕ್ಕೂ ಹೊತ್ತು ತರುತ್ತದೆ, ಬಂಡೆ ಕಚ್ಚಿ ಕೂತವು ಊಟಕ್ಕೆಂದು ಎಲ್ಲಿಗೂ ಹೋಗಬೇಕಿಲ್ಲ, ನಿಂತ ನೀರಿನಲ್ಲಿ ಉಗುರಿನಷ್ಟು ಬೆಳೆಯುವುದು ಇಲ್ಲಿ — ದೀಪ ಎತ್ತಿದಳು, ಕಪ್ಪು ನೀಲಿ ಗೊಂಚಲು, ಬಂಡೆಯೇ ಕಾಣದಷ್ಟು, ಅಂಗೈಯುದ್ದದವು, ಸರಿಯಿತ್ತು, ಲೆಕ್ಕ ಸರಿಯಿತ್ತು, ಕೈಗವಸು ಕಿತ್ತು, ತಿರುಚಿ, ಚಾಕುವಿನ ತುದಿ ತೂರಿಸಿ, ಒಳಗೆ ಕಿತ್ತಳೆ ಬಣ್ಣದ ಮಾಂಸ, ನಾಲಿಗೆಯ ಮೇಲೆ ಇಡೀ ಜಲಸಂಧಿ, ತಣ್ಣಗೆ, ಸಿಹಿಯಾಗಿ, ಜಾರಿ ಗಂಟಲಿಗೆ — ನುಂಗಿದಳು.

ನುಂಗಿಬಿಟ್ಟಳು, ಮೊದಲನೆಯದನ್ನು, ಸನಾಜಿಯದನ್ನು. ಏನ್ ಸಿಕ್ತೇ, ಮೇಲಿಂದ ಅಲಾಸಿ, ಸುಳ್ಳು ಹೇಳಬಹುದು, ಎರಡನೆಯದನ್ನೇ ಮೊದಲನೆಯದೆಂದು ಕೊಡಬಹುದು, ಯಾರಿಗೆ ತಿಳಿಯುತ್ತದೆ, ನಾಲಿಗೆಯ ಮೇಲೆ ಇನ್ನೂ ರುಚಿಯಿದೆ, ತಿಂದ್ಬಿಟ್ಟೆ ಸನಾಜಿ. ಏನಂದೆ. ಮೊದಲ್ನೇದು, ನಾನೇ ತಿಂದ್ಬಿಟ್ಟೆ, ಕೈ ತಡೀಲಿಲ್ಲ. ಅಲಾಸಿ ಇಷ್ಟು ವರ್ಷ ಕಾದದ್ದು ಒಂದು ಗುಟುಕಿಗೆ ಹೋಯಿತು, ದೂರದಲ್ಲಿ ಮಂಜುಗಡ್ಡೆ ಕರ್ರೆಂದಿತು, ಪ್ರವಾಹ ತಿರುಗಿತೇನೋ — ಆಮೇಲೆ ಆ ಸದ್ದು, ಕೆಮ್ಮೋ ಅಳುವೋ, ಅಲ್ಲ, ಅಲಾಸಿ ನಗುತ್ತಿದ್ದಾಳೆ, ಕೇಳ್ದೇನೋ ಲುಕಾಸಿ, ಹುಟ್ಟಿದ ದಿನಾನೂ ಹೀಗೇ, ಬಳ್ಳಿ ಕೊಯ್ಯೋ ಮುಂಚೇನೇ ನನ್ನ ಬೆರಳು ಚೀಪಿದ್ಲು, ಹೊಟ್ಟೆಬಾಕಿ, ಹಿಡ್ಕೋ ನನ್ನ, ಇಳಿಸು. ಅಮ್ಮಾ, ನೀರು ಬರೋ ಹೊತ್ತಾಯ್ತು. ಅದಕ್ಕೇ ಬೇಗ ಇಳಿಸು ಅಂದೆ. ಮೊದಲು ಬೂಟುಗಳು, ಆಮೇಲೆ ದಪ್ಪ ಅಂಗಿ, ಕೊನೆಗೆ ಸುಕ್ಕಿನ ಮುಖ, ತೆವಳಿ ಬಂದು ಎದುರೇ ಕೂತಳು, ನನ್ನದು ನಿನ್ನ ಹೊಟ್ಟೆಗೆ ಹೋಯ್ತಲ್ಲ, ಈಗ ನಿನ್ನವೆಲ್ಲ ನನ್ನ ಹೊಟ್ಟೆಗೆ, ನಿನ್ನ ಕೈಯಾರೆ ತಿನ್ನಿಸು, ಎಂದು ಬಾಯಿ ತೆರೆದಳು, ಎರಡೇ ಹಲ್ಲು, ಗುಲಾಬಿ ವಸಡು, ಒಳಗೆಲ್ಲ ದೀಪದ ಬೆಳಕು, ಉಲಾಯು ಚಾಕು ಆಡಿಸುತ್ತಾಳೆ, ಒಂದು, ಇನ್ನೊಂದು, ನಗುತ್ತಲೇ, ಬಂಡೆಯಾಚೆ ನೀರು ಗುಳುಗುಳು ಎನ್ನುತ್ತಿದೆ, ಇಬ್ರೂ ಮೇಲೆ ಬನ್ನಿ ಎನ್ನುತ್ತಾನೆ ಲುಕಾಸಿ, ಏಳಬೇಕು, ಹೊರಡಬೇಕು, ಆದರೆ ಆ ಬಾಯಿ, ನುಂಗಿ ಮತ್ತೆ ತೆರೆದ ಆ ಬಾಯಿ, ಎರಡು ಹಲ್ಲು, ಇನ್ನೊಂದೇ ಒಂದು, ಆಮೇಲೆ ಏಳೋಣ, ಚಾಕು ಮತ್ತೆ ಚಿಪ್ಪಿನೊಳಗೆ, ಎದುರಿಗೆ ತೆರೆದ ಬಾಯಿ.